ಕ್ಯಾಸೆಟ್ಟಿನ ನೀಲಗಾರರ ಹಾಡಿಕೆಯನ್ನು ಫ್ರೀಕ್ವೆನ್ಸಿ ಬ್ಯಾಂಡುಗಳಾಗಿ ಬಿಡಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಮಳವಳ್ಳಿ:

ತೊಂಬತ್ತರ ದಶಕದಲ್ಲಿ ನಮ್ಮ ಮನೇಲಿ ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನೀಲಗಾರರಿಂದ ಕಥೆ ಮಾಡಿಸಿದಾಗ ನಮ್ಮಪ್ಪ ಇಡೀ ರಾತ್ರಿಯ ಹಾಡಿಕೆಯನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಹಾಡಿದ ನೀಲಗಾರರು ಈಗ ಇಲ್ಲ. ಕ್ಯಾಸೆಟ್ಟುಗಳನ್ನು ಲ್ಯಾಪ್‌ಟಾಪಿಗೆ ವೇವ್ ಫೈಲಾಗಿ ಇಳಿಸಿಕೊಂಡಿದ್ದೇನೆ. ತಂಬೂರಿ, ದಮ್ಮಡಿ ಎಂಬ ಚರ್ಮವಾದ್ಯ, ಗಲಗಲ ಎನ್ನುವ ಲೋಹದ ಗಗ್ಗರ, ಮುಮ್ಮೇಳ, ಹಿಮ್ಮೇಳ ಎಲ್ಲವೂ ಒಂದೇ ಮೈಕಿಗೆ ಬಿದ್ದಿವೆ. ಕೆಳಗೆ ಗುಂಯ್ ಅಂತ ಕರೆಂಟಿನ ಸದ್ದು. ಮೇಲೆ ಗಗ್ಗರ ಕಿವಿಗೆ ಚುಚ್ಚಿ, ಕಥೆಯ ಮಾತುಗಳೇ ಮುಳುಗಿಹೋಗುತ್ತವೆ.

ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮೂರು ಪ್ರತಿ ಮಾಡಿ, ಒಂದರಲ್ಲಿ 250 ಹರ್ಟ್ಜ್‌ಗಿಂತ ಕೆಳಗಿನದು, ಇನ್ನೊಂದರಲ್ಲಿ 250ರಿಂದ 4000, ಮತ್ತೊಂದರಲ್ಲಿ ಅದರ ಮೇಲಿನದು ಉಳಿಯುವ ಹಾಗೆ ಲೋ-ಪಾಸ್ (ಕೆಳಗಿನದನ್ನು ಉಳಿಸುವ), ಹೈ-ಪಾಸ್ (ಮೇಲಿನದನ್ನು ಉಳಿಸುವ) ಫಿಲ್ಟರ್ ಹಾಕಿದೆ. ರೋಲ್-ಆಫ್, ಅಂದರೆ ಕತ್ತರಿಸುವ ಇಳಿಜಾರು, 12 ಡೆಸಿಬಲ್ ಇಟ್ಟಿದ್ದೆ. ಬೇರೇನೂ ಮುಟ್ಟದೆ ಮೂರನ್ನೂ ಒಟ್ಟಿಗೆ ಪ್ಲೇ ಮಾಡಿದರೂ ಮೊದಲಿನ ಹಾಗೆ ಕೇಳಿಸುತ್ತಿಲ್ಲ, ದನಿ ಟೊಳ್ಳಾಗಿದೆ. ಬೇರೆ ಸಾಫ್ಟ್‌ವೇರ್ ಬೇಕಾ? ದುಡ್ಡು ಕೊಟ್ಟು ಕೊಳ್ಳುವುದು ನನಗೆ ಕಷ್ಟ. ಈ ಕೆಲಸ ಮಾಡಿದವರು ದಯವಿಟ್ಟು ದಾರಿ ಹೇಳಿ.

ಉತ್ತರ, ಮೈಸೂರು:

ಮೇಡಂ, ಸಾಫ್ಟ್‌ವೇರ್ ಬದಲಿಸಬೇಡಿ. ನಿಮ್ಮ ಕಷ್ಟ ಇರೋದು ಆ 12ರಲ್ಲಿ.

ಆಡಾಸಿಟಿಯ ಲೋ-ಪಾಸ್, ಹೈ-ಪಾಸ್ ಎರಡೂ ಬಟರ್‌ವರ್ತ್ ಜಾತಿಯ ಫಿಲ್ಟರುಗಳು. ಫಿಲ್ಟರ್ ಅಂದರೆ ಬೇಡದ ಫ್ರೀಕ್ವೆನ್ಸಿಯನ್ನು ತಗ್ಗಿಸುವುದಷ್ಟೇ ಅಲ್ಲ, ಉಳಿದದ್ದರ ಫೇಸನ್ನೂ, ಅಂದರೆ ಅಲೆಯ ಏರಿಳಿತದ ಹೊತ್ತನ್ನೂ, ತಿರುಗಿಸುತ್ತದೆ. ಆಕ್ಟೇವಿಗೆ (ಫ್ರೀಕ್ವೆನ್ಸಿ ಎರಡರಷ್ಟಾಗುವ ಅಂತರಕ್ಕೆ) 12 ಡೆಸಿಬಲ್ ಇಳಿಯುವ ಫಿಲ್ಟರಿನಲ್ಲಿ, ಕತ್ತರಿಸಿದ ಜಾಗದಲ್ಲಿ ಲೋ-ಪಾಸ್ 90 ಡಿಗ್ರಿ ಹಿಂದಕ್ಕೆ ಹೋದರೆ ಹೈ-ಪಾಸ್ 90 ಡಿಗ್ರಿ ಮುಂದಕ್ಕೆ ಹೋಗುತ್ತದೆ. ಎರಡರ ನಡುವೆ 180 ಡಿಗ್ರಿ. ಕೂಡಿಸಿದರೆ ಆ ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ನಿಮ್ಮ ಫೈಲಿನಲ್ಲಿ 250ರ ಹತ್ತಿರ ಒಂದು, 4000ದ ಹತ್ತಿರ ಒಂದು ಗುಂಡಿ ಬಿದ್ದಿದೆ. ಮೊದಲನೆಯ ಕಡೆ ದನಿಯ ಮೈ ಇರುತ್ತದೆ, ಎರಡನೆಯ ಕಡೆ ವ್ಯಂಜನಗಳ ಅಂಚು. ಎರಡೂ ಹೋದ ಮೇಲೆ ಟೊಳ್ಳು ಕೇಳಿಸದೆ ಇನ್ನೇನು?

6 ಡೆಸಿಬಲ್ ಇಟ್ಟರೆ ಕೂಡಿಸಿದಾಗ ಮೂಲ ಹಾಗೇ ವಾಪಸ್ ಬರುತ್ತದೆ, ಆದರೆ ಇಳಿಜಾರು ಎಷ್ಟು ಮೆಲ್ಲಗಿರುತ್ತದೆಂದರೆ ಗಗ್ಗರ ಮೂರೂ ಟ್ರ್ಯಾಕಿನಲ್ಲಿ ಕೇಳುತ್ತಲೇ ಇರುತ್ತದೆ. 24 ಇಟ್ಟರೆ ಗುಂಡಿಯ ಬದಲು ಅದೇ ಜಾಗದಲ್ಲಿ 3 ಡೆಸಿಬಲ್ ಉಬ್ಬು ಏಳುತ್ತದೆ.

ದಾರಿ ಇದು: 12 ಡೆಸಿಬಲ್ ಫಿಲ್ಟರನ್ನು ಅದೇ ಕಟ್‌ಆಫ್‌ನಲ್ಲಿ ಎರಡು ಸಲ ಹಾಕಿ. ಒಟ್ಟು ಇಳಿಜಾರು 24 ಆದರೂ ಹೀಗೆ ಮಾಡಿದರೆ ಉಬ್ಬು ಏಳುವುದಿಲ್ಲ. ಒಂದು ಸಲ ಹಾಕಿದ ಮೇಲೆ ಕಂಟ್ರೋಲ್ ಮತ್ತು ಆರ್ ಒತ್ತಿದರೆ ಅದೇ ಎಫೆಕ್ಟ್ ಮತ್ತೊಮ್ಮೆ ಬೀಳುತ್ತದೆ. ಲೋ-ಪಾಸ್‌ಗೂ ಹೀಗೇ, ಹೈ-ಪಾಸ್‌ಗೂ ಹೀಗೇ. ಆಗ ಕತ್ತರಿಸಿದ ಜಾಗದಲ್ಲಿ ಎರಡೂ ಬ್ಯಾಂಡು 6 ಡೆಸಿಬಲ್ ತಗ್ಗಿರುತ್ತವೆ, ಒಂದೇ ಫೇಸಿನಲ್ಲಿರುತ್ತವೆ, ಕೂಡಿಸಿದರೆ ಸಮತಟ್ಟಾಗುತ್ತದೆ. ಇದಕ್ಕೆ ಲಿಂಕ್ವಿಟ್ಜ್-ರೈಲಿ ಎನ್ನುತ್ತಾರೆ. ಹ್ಯೂಲೆಟ್-ಪ್ಯಾಕಾರ್ಡ್‌ನಲ್ಲಿ ಎಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಮತ್ತು ರಸ್ ರೈಲಿ ಸ್ಪೀಕರ್ ಬಾಕ್ಸುಗಳಿಗಾಗಿ ರೂಪಿಸಿದ್ದು, 1976ರಲ್ಲಿ ಪ್ರಕಟವಾಯಿತು. ಇವತ್ತಿಗೂ ಅದಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ.

ಮೂರು ಬ್ಯಾಂಡು ಮಾಡುವಾಗ ಮೊದಲು ಫೈಲನ್ನು ಎರಡು ಮಾಡಿ. ಆಮೇಲೆ ಮೇಲಿನ ಅರ್ಧವನ್ನು ಮತ್ತೆ ಎರಡು ಮಾಡಿ. ಎರಡು ಕತ್ತರಿ ಜಾಗಗಳು ದೂರ ಇದ್ದಷ್ಟೂ ಒಳ್ಳೆಯದು. 250, 500 ಅಂತ ಒತ್ತೊತ್ತಿಗೆ ಇಟ್ಟರೆ ಫೇಸ್ ಮತ್ತೆ ಕೆಡುತ್ತದೆ.

ಇನ್ನು 250 ಎಂಬ ಅಂಕಿಯನ್ನೇ ನಾನು ಒಪ್ಪುವುದಿಲ್ಲ. ನೀಲಗಾರರು ಎತ್ತರದ ದನಿಯಲ್ಲಿ ಹಾಡುತ್ತಾರೆ. ಅವರ ಸ್ವರದ ಮೂಲ ಫ್ರೀಕ್ವೆನ್ಸಿ 250ರ ಆಚೀಚೆ ಓಡಾಡುತ್ತಲೇ ಇರುತ್ತದೆ. ಒಂದೇ ಸಾಲಿನಲ್ಲಿ ಸ್ವರ ಕೆಳಗಿಳಿದರೆ ಕೆಳಬ್ಯಾಂಡಿಗೆ, ಮೇಲೇರಿದರೆ ನಡುಬ್ಯಾಂಡಿಗೆ ಬೀಳುತ್ತದೆ. ನೀವು ಕೆಳಬ್ಯಾಂಡನ್ನು ಸ್ವಲ್ಪ ತಗ್ಗಿಸಿದರೂ ಸಾಕು, ಹಾಡುಗಾರರ ದನಿ ಸ್ವರದಿಂದ ಸ್ವರಕ್ಕೆ ದಪ್ಪ ತೆಳುವಾಗುತ್ತದೆ. ಅವರು ಹಾಗೆ ಹಾಡಲಿಲ್ಲ. ಪ್ಲಾಟ್ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) ತೆರೆದು, ಬರೀ ದನಿ ಇರುವ ಒಂದು ತುಣುಕನ್ನು ಆಯ್ದು, ಅತಿ ಕೆಳಗಿನ ಏರು ಎಲ್ಲಿದೆ ನೋಡಿ. ಅದಕ್ಕಿಂತ ಕೆಳಗೆ ಕತ್ತರಿಸಿ. 130, 140 ಆದೀತು.

ಗಗ್ಗರದ ವಿಷಯಕ್ಕೆ ಬಂದರೆ, ಮೇಲಿನ ಬ್ಯಾಂಡನ್ನು ಸಾರಾಸಗಟಾಗಿ ತಗ್ಗಿಸಬೇಡಿ. ಸ, ಶ, ಚ ಇರುವುದೂ ಅಲ್ಲೇ. ಗಗ್ಗರದ ಜೊತೆ ಮಾತೂ ಮಂಕಾಗುತ್ತದೆ. ಆ ಬ್ಯಾಂಡಿಗೆ ಮಾತ್ರ, ಜೋರಾದ ಸದ್ದನ್ನು ಒತ್ತುವ ಕಂಪ್ರೆಸರ್ ಹಾಕಿ, ಗಗ್ಗರ ಜೋರಾಗಿ ಬಿದ್ದಾಗಷ್ಟೇ ಒತ್ತುವ ಹಾಗೆ ಥ್ರೆಶೋಲ್ಡ್ ಇಡಿ. ಅಟ್ಯಾಕ್ (ಒತ್ತಲು ತಗಲುವ ಹೊತ್ತು) ಕೆಲವೇ ಮಿಲಿಸೆಕೆಂಡು, ರಿಲೀಸ್ (ಬಿಡಲು ತಗಲುವ ಹೊತ್ತು) 100 ಮಿಲಿಸೆಕೆಂಡಿನ ಸುತ್ತ. 4 ಡೆಸಿಬಲ್ ಇಳಿದರೂ ಪದ ಮೇಲೆ ಬರುತ್ತದೆ. ಅದಕ್ಕಿಂತ ಹೆಚ್ಚು ಇಳಿಸಿದರೆ ಗಗ್ಗರ ಉಸಿರು ಕಟ್ಟಿದಂತೆ ಕೇಳುತ್ತದೆ. ಗಗ್ಗರವಿಲ್ಲದೆ ಅದು ನೀಲಗಾರರ ಕಥೆಯೂ ಅಲ್ಲ.

ಇಷ್ಟೆಲ್ಲಾ ಕೈಯಲ್ಲಿ ಮಾಡುವ ತಾಳ್ಮೆ ಇಲ್ಲದಿದ್ದರೆ ರಿಯಾಪ್ಲಗ್ಸ್ ಎಂಬ ಉಚಿತ ಪ್ಲಗಿನ್‌ಗಳ ಕಟ್ಟು ಇದೆ, ವಿಂಡೋಸಿಗೆ. ಅದರೊಳಗಿನ ರಿಯಾಎಕ್ಸ್‌ಕಾಂಪ್ ಒಡೆಯುವುದು, ಒತ್ತುವುದು, ಕೂಡಿಸುವುದು ಮೂರನ್ನೂ ಒಟ್ಟಿಗೆ ಮಾಡುತ್ತದೆ. ಆಡಾಸಿಟಿಯೊಳಗೇ ಓಡುತ್ತದೆ.

ಇನ್ನೊಂದು ಉತ್ತರ, ಮದ್ದೂರು ಕಡೆಯಿಂದ:

ಅಕ್ಕ, ನಾನು ಸೌಂಡ್ಸ್ ಇಟ್ಟಿದೀನಿ. ಜಾತ್ರೆ, ನಾಟಕ, ಮದುವೆ ಎಲ್ಲಕ್ಕೂ ಹೋಯ್ತೀವಿ. ಮೇಲಿನ ಸಾರ್ ಹೇಳಿದ್ದು ನಮ್ಮ ಕ್ರಾಸ್‌ಓವರ್ ಪೆಟ್ಟಿಗೇಲೂ (ಸದ್ದನ್ನ ಸ್ಪೀಕರುಗಳಿಗೆ ಹಂಚಿಕೊಡೋದು) ಹಂಗೇ ಅದೆ, 24 ಡಿಬಿ ಲಿಂಕ್ವಿಟ್ಜ್-ರೈಲಿ ಅಂತ. ಬೇಸಿಗೆ ಬೇರೆ ಆಂಪ್ಲಿಫಯರ್ರು, ಮಿಡ್ಡಿಗೆ ಬೇರೆ, ಟ್ವೀಟರಿಗೆ ಬೇರೆ. ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ನೀವು ಹೇಳ್ತಿರೋ ಟೊಳ್ಳೇ ಬರೋದು.

ನಾವು ಮಾಡೋ ಪರೀಕ್ಷೆ ಒಂದದೆ, ನೀವೂ ಮಾಡಿ. ಮೂರೂ ಟ್ರ್ಯಾಕು ಓಡ್ತಿರುವಾಗ ನಡುಬ್ಯಾಂಡನ್ನ ಇನ್ವರ್ಟ್ ಮಾಡಿ (ಅಲೆ ತಲೆಕೆಳಗಾಗೋ ಹಂಗೆ) ಕೇಳಿ. ಆಗ ದನಿ ತುಂಬ್ಕೊಂಡು ಬಂತು ಅಂದ್ರೆ ಮೊದಲಿದ್ದದ್ದೇ ತಪ್ಪು. ಬದ್ಲಿಗೆ ದನಿ ಕುಸಿದೋದ್ರೆ ಮೊದಲಿದ್ದದ್ದು ಸರಿ, ವಾಪಸ್ ತಿರುಗಿಸ್ಬುಡಿ. ಕಿವೀಲೇ ಗೊತ್ತಾಯ್ತದೆ, ಮೀಟರ್ ಬೇಕಿಲ್ಲ. ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ 140ರ ಕೆಳಗಿಂದು ಏನೂ ಬರಾಕಿಲ್ಲ.

ಇನ್ನೊಂದು ಉತ್ತರ, ಮೈಸೂರು, ಸರಸ್ವತಿಪುರಂ:

ಫಿಲ್ಟರಿಗೆ ಕೈ ಹಾಕುವ ಮುಂಚೆ ಒಂದು ಮಾತು. ಕ್ಯಾಸೆಟ್ ಇನ್ನೂ ಕೈಯಲ್ಲಿದೆಯಲ್ಲ? ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೆಡ್ಡಿನ ಪಕ್ಕದ ಓರೆ ಹೊಂದಿಸುವ ಸ್ಕ್ರೂವನ್ನು ಒಂಚೂರು ಒಂಚೂರೇ ತಿರುಗಿಸುತ್ತಾ ಗಗ್ಗರ ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ ಮತ್ತೆ ಇಳಿಸಿಕೊಳ್ಳಿ. ಹೆಡ್ಡು ಓರೆಯಾಗಿದ್ದರೆ ಮೇಲಿನ ಫ್ರೀಕ್ವೆನ್ಸಿಗಳು ಟೇಪಿನಿಂದ ಹೊರಗೇ ಬರುವುದಿಲ್ಲ. ಬಾರದೇ ಇದ್ದದ್ದನ್ನು ಯಾವ ಸಾಫ್ಟ್‌ವೇರೂ ಕೊಡಲಾರದು.

ಕರೆಂಟಿನ ಸದ್ದಿಗೆ, ಒಂದೇ ಫ್ರೀಕ್ವೆನ್ಸಿಯನ್ನು ತೆಗೆಯುವ ನಾಚ್ ಫಿಲ್ಟರ್ ಬಳಸಿ, ಬ್ಯಾಂಡ್ ಒಡೆಯುವ ಮೊದಲು, ಇಡೀ ಫೈಲಿಗೆ. ಆಡಾಸಿಟಿಯಲ್ಲಿ ಆ ಜಾಗದಲ್ಲಿ ಮೊದಲೇ 60 ಎಂದಿರುತ್ತದೆ, ಅದು ಅಮೆರಿಕದ ಕರೆಂಟು. ನಮ್ಮದು 50. ಆದರೆ ಕಣ್ಣು ಮುಚ್ಚಿ 50 ಎಂದೂ ಹಾಕಬೇಡಿ. ತೊಂಬತ್ತರ ದಶಕದಲ್ಲಿ ನಮ್ಮ ಗ್ರಿಡ್ಡಿನ ಫ್ರೀಕ್ವೆನ್ಸಿ 50ರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ, 49ಕ್ಕಿಂತ ಕೆಳಗೂ ಇಳಿಯುತ್ತಿತ್ತು. ಅದರ ಮೇಲೆ ಟೇಪಿನ ಓಟದ ಹೆಚ್ಚುಕಡಿಮೆ ಬೇರೆ. ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಸೈಜ್ 65536 ಇಟ್ಟು, ಹಾಡಿಕೆ ಶುರುವಾಗುವ ಮುಂಚಿನ ಖಾಲಿ ಭಾಗವನ್ನು ನೋಡಿ. ಏರು ಎಲ್ಲಿದೆಯೋ ಅಲ್ಲಿ, ಅದರ ಎರಡರಷ್ಟು, ಮೂರರಷ್ಟಿರುವ ಜಾಗಗಳಲ್ಲಿ ನಾಚ್ ಹಾಕಿ. ಸರಿಯಾಗಿ 50ರಲ್ಲೇ ಇನ್ನೊಂದು ಏರು ಇದ್ದರೆ ಅದು ಈಗ ಇಳಿಸಿಕೊಳ್ಳುವಾಗ ಸೇರಿಕೊಂಡಿರಬಹುದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು, ಬ್ಯಾಟರಿಯಲ್ಲಿ ಇಳಿಸಿಕೊಂಡು ನೋಡಿ. ತಂಬೂರಿಯ ಶ್ರುತಿ ಈ ಜಾಗಗಳ ಹತ್ತಿರ ಬಂದರೆ ನಾಚನ್ನು ಕಿರಿದು ಮಾಡಿ, ಇಲ್ಲವೇ ಆ ಒಂದನ್ನು ಬಿಟ್ಟುಬಿಡಿ. ಸ್ವಲ್ಪ ಗುಂಯ್ ಉಳಿದರೂ ಪರವಾಗಿಲ್ಲ, ಶ್ರುತಿ ಹೋಗಬಾರದು.

ನಡುವೆ ಒಂದು ಪ್ರಶ್ನೆ, ಪಾಂಡವಪುರ:

ಈಗ ಎಐ ಬಂದು ದನಿ ಬೇರೆ, ವಾದ್ಯ ಬೇರೆ ಮಾಡಿಕೊಡುತ್ತದಲ್ಲ, ಇಷ್ಟು ಕಷ್ಟ ಯಾಕೆ?

ಮೈಸೂರಿನ ಮೊದಲ ಉತ್ತರದವರು:

ಅದು ಬೇರೆಯೇ ಕೆಲಸ ಸಾರ್. ಫ್ರೀಕ್ವೆನ್ಸಿ ಬ್ಯಾಂಡು ಅಂದರೆ ವಾದ್ಯವಲ್ಲ. ದಮ್ಮಡಿಯ ಒಂದೇ ಏಟು ಕೆಳಗಿನಿಂದ ಮೇಲಿನವರೆಗೆ ಎಲ್ಲಾ ಬ್ಯಾಂಡಿನಲ್ಲೂ ಇರುತ್ತದೆ. ದನಿಯೂ ಅಷ್ಟೇ. ವಾದ್ಯ ಬೇರೆ ಮಾಡಲು ಡೀಜರ್ ಕಂಪನಿ 2019ರಲ್ಲಿ ಬಿಟ್ಟ ಸ್ಪ್ಲೀಟರ್, ಫೇಸ್‌ಬುಕ್ಕಿನ ಸಂಶೋಧಕರ ಡೆಮುಕ್ಸ್ ಇವೆ, ಎರಡೂ ಉಚಿತ. ಡೆಮುಕ್ಸ್ ಹಾಡನ್ನು ಡ್ರಮ್ಸ್, ಬೇಸ್, ದನಿ, ಮಿಕ್ಕಿದ್ದು ಎಂದು ನಾಲ್ಕು ಮಾಡುತ್ತದೆ. ಸಿನಿಮಾ ಹಾಡಿಗೆ ಬೆರಗಾಗುವಷ್ಟು ಚೆನ್ನಾಗಿದೆ. ತಂಬೂರಿ ಪದಗಳಿಗೆ ಹಾಕಿ ನೋಡಿದ್ದೇನೆ. ತಂಬೂರಿ ಒಂದು ಗಳಿಗೆ ಬೇಸಿಗೆ ಹೋಗುತ್ತದೆ, ಮರುಗಳಿಗೆ ಮಿಕ್ಕಿದ್ದಕ್ಕೆ. ಹಿಮ್ಮೇಳದವರ ‘ಸಿದ್ಧಯ್ಯ ಸ್ವಾಮಿ ಬನ್ನಿ’ ಅರ್ಧ ದನಿಯಲ್ಲಿ, ಅರ್ಧ ಎಲ್ಲೋ. ಸ್ಟುಡಿಯೋದಲ್ಲಿ ಮಾಡಿದ ಹಾಡು ಕೇಳಿ ಕಲಿತ ಯಂತ್ರಕ್ಕೆ ಒಂದೇ ಮೈಕಿನ ರಾತ್ರಿ ಹಾಡಿಕೆಯ ಪರಿಚಯ ಇಲ್ಲ. ಮಾತನ್ನು ಬರೆದುಕೊಳ್ಳಲು ಅದರ ದನಿ ಟ್ರ್ಯಾಕ್ ಸಹಾಯವಾಗುತ್ತದೆ, ಅಷ್ಟಕ್ಕೆ ಖಂಡಿತ ಬಳಸಿ. ಉಳಿಸಿಡುವ ಪ್ರತಿಗೆ ಬೇಡ.

ಇನ್ನೊಂದು ಉತ್ತರ, ಮಂಡ್ಯ:

ಕ್ಯಾಸೆಟ್ಟು ಬಹಳ ಇದ್ದರೆ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್ ನೋಡಿ, ಉಚಿತ. ಅದರಲ್ಲಿ ಅಕ್ರಾಸ್‌ಓವರ್ ಎಂಬ ಫಿಲ್ಟರ್ ಇದೆ. ಕತ್ತರಿಸುವ ಫ್ರೀಕ್ವೆನ್ಸಿಗಳನ್ನು ಕೊಟ್ಟರೆ ಒಂದೊಂದು ಬ್ಯಾಂಡಿಗೆ ಒಂದೊಂದು ಫೈಲ್ ಬರೆದುಕೊಡುತ್ತದೆ, ಕೂಡಿಸಿದರೆ ಸಮತಟ್ಟಾಗುವಂತೆ. ನಾಲ್ಕನೇ ಆರ್ಡರ್ ಮೊದಲೇ ಇರುತ್ತದೆ, ಅಂದರೆ ಇದೇ 24 ಡೆಸಿಬಲ್. ಟೈಪ್ ಮಾಡಿ ಆಜ್ಞೆ ಕೊಡುವ ಅಭ್ಯಾಸ ಬೇಕು, ಅಷ್ಟೇ.

ಕೇಳಿದವರು, ಮಳವಳ್ಳಿ:

ಎಲ್ಲರಿಗೂ ನಮಸ್ಕಾರ. 140 ಮತ್ತು 4000ದಲ್ಲಿ 12 ಡೆಸಿಬಲ್ ಎರಡೆರಡು ಸಲ ಹಾಕಿದೆ. ಟೊಳ್ಳು ಹೋಯಿತು. ಮದ್ದೂರಿನ ಅಣ್ಣ ಹೇಳಿದ ಪರೀಕ್ಷೆಯನ್ನೂ ಮಾಡಿದೆ, ಇನ್ವರ್ಟ್ ಮಾಡಿದ ಕೂಡಲೇ ದನಿ ಕುಸಿಯಿತು. ಆದರೆ ಮೂರನ್ನೂ ಮಿಕ್ಸ್ ಮಾಡಿ, ತಿರುಗಿಸಿ, ಮೂಲದ ಜೊತೆ ಕೂಡಿಸಿದರೆ ಪೂರ್ತಿ ಮೌನ ಬರಬೇಕು ಎಂದು ಎಲ್ಲೋ ಓದಿದ್ದೆ. ಮೌನ ಬರಲಿಲ್ಲ, ಸದ್ದು ಉಳಿದಿದೆ. ಇನ್ನೂ ಏನಾದರೂ ತಪ್ಪಿದೆಯಾ?

ಮೈಸೂರಿನ ಮೊದಲ ಉತ್ತರದವರು:

ತಪ್ಪಿಲ್ಲ ಮೇಡಂ. ಲಿಂಕ್ವಿಟ್ಜ್-ರೈಲಿ ಕೂಡಿದಾಗ ಮಟ್ಟ ಸಮ ಇರುತ್ತದೆ, ಫೇಸ್ ಮಾತ್ರ ಮೂಲದ್ದಲ್ಲ, ತಿರುಗಿರುತ್ತದೆ. ಆದ್ದರಿಂದ ಆ ಪರೀಕ್ಷೆಯಲ್ಲಿ ಮೌನ ಬರುವುದಿಲ್ಲ. ಕಿವಿಗೆ ಆ ವ್ಯತ್ಯಾಸ ಸಿಗುವುದಿಲ್ಲ. ಎರಡರ ಸ್ಪೆಕ್ಟ್ರಮ್ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಇದ್ದರೆ ಸಾಕು.

ಪೂರ್ತಿ ಮೌನವೇ ಬೇಕೆಂದರೆ ಕಳೆಯುವ ದಾರಿ ಇದೆ. ಆಡಾಸಿಟಿಯ ಫಿಲ್ಟರ್ ಕರ್ವ್ ಇಕ್ಯೂ ಫೇಸನ್ನು ಕೆಡಿಸುವುದಿಲ್ಲ. ಮೂಲದ ಒಂದು ಪ್ರತಿಗೆ ಅದರಲ್ಲಿ 4000ದ ಮೇಲೆ ಇಳಿಯುವ ಗೆರೆ ಎಳೆದು ಹಾಕಿ. ಅದರ ಇನ್ನೊಂದು ಪ್ರತಿ ಮಾಡಿ ಇನ್ವರ್ಟ್ ಮಾಡಿ ಮೂಲದ ಜೊತೆ ಮಿಕ್ಸ್ ಮಾಡಿದರೆ ಉಳಿಯುವುದೇ ಮೇಲಿನ ಬ್ಯಾಂಡು. ಮೂಲದಿಂದ ಕಳೆದು ಪಡೆದದ್ದಾದ್ದರಿಂದ ಮತ್ತೆ ಕೂಡಿಸಿದರೆ ಮೂಲವೇ ಬರಬೇಕು. ಗೆರೆಯನ್ನು ಕಡಿದಾಗಿ ಮಾತ್ರ ಎಳೆಯಬೇಡಿ. ಈ ಜಾತಿಯ ಫಿಲ್ಟರಿನಲ್ಲಿ ಕಡಿದು ಹೆಚ್ಚಾದರೆ ದಮ್ಮಡಿಯ ಏಟು ಬೀಳುವ ಮುಂಚೆಯೇ ಅದರ ಸಣ್ಣ ನಡುಕ ಕೇಳುತ್ತದೆ. ಮೊದಲು ಹೇಳಿದ ಲೋ-ಪಾಸ್ ಫಿಲ್ಟರ್ ಬಳಸಿ ಹೀಗೆ ಕಳೆಯಲು ಹೋದರೆ ಮಿಕ್ಕುವ ಬ್ಯಾಂಡು ಸರಿಯಾಗಿ ಇಳಿಯುವುದೇ ಇಲ್ಲ, ಅದಕ್ಕೆ ಇಕ್ಯೂ ಒಂದೇ ಸರಿ.

ಇನ್ನು ಕೂಡಿಸುವ ಹಂತ. ಬ್ಯಾಂಡುಗಳನ್ನು ಬಿಡಿಬಿಡಿಯಾಗಿ ನಾರ್ಮಲೈಜ್ ಮಾಡಬೇಡಿ (ಗರಿಷ್ಠ ಮಟ್ಟಕ್ಕೆ ಏರಿಸಬೇಡಿ). ಮೇಲಿನ ಬ್ಯಾಂಡಿನಲ್ಲಿ ಸದ್ದು ಸಹಜವಾಗಿ ಕಡಿಮೆ. ಅದನ್ನು ನಾರ್ಮಲೈಜ್ ಮಾಡಿದರೆ ಟೇಪಿನ ಹಿಸ್ಸೂ ಗಗ್ಗರವೂ ಮುಗಿಲಿಗೇರುತ್ತವೆ, ನೀವು ಒತ್ತಿದ್ದೆಲ್ಲಾ ವ್ಯರ್ಥ. ಮೂರನ್ನೂ ಮಿಕ್ಸ್ ಮಾಡಿದ ಮೇಲೆ, ಕೊನೆಗೆ ಒಂದೇ ಸಲ. ನಡುವಿನ ಫೈಲುಗಳನ್ನೆಲ್ಲಾ 32 ಬಿಟ್ ಫ್ಲೋಟ್ ವೇವ್ ಆಗಿ ಉಳಿಸಿ, ಆಗ ಮಟ್ಟ ಸೊನ್ನೆ ಡೆಸಿಬಲ್ ದಾಟಿದರೂ ಒಡೆಯುವುದಿಲ್ಲ. ಎಂಪಿ3 ಮಾಡುವುದು ನೆಂಟರಿಷ್ಟರಿಗೆ ಕಳಿಸಲು ಮಾತ್ರ. ಕ್ಯಾಸೆಟ್ಟಿನಿಂದ ಇಳಿಸಿದ ಮುಟ್ಟದ ಫೈಲು ಇನ್ನೊಂದು ಹಾರ್ಡ್ ಡಿಸ್ಕಿನಲ್ಲೂ ಇರಲಿ. ಗಗ್ಗರವನ್ನು ಇನ್ನೂ ಚೆನ್ನಾಗಿ ಹಿಡಿಯುವ ಸಾಫ್ಟ್‌ವೇರ್ ಮುಂದೆ ಬಂದಾಗ ಕೆಲಸಕ್ಕೆ ಬೇಕಾಗುವುದು ಅದೇ.

ಮದ್ದೂರಿನವರು:

ಅಕ್ಕ, ಕಥೆ ಪೂರ್ತಿ ಆದ್ಮೇಲೆ ಒಂದು ಪ್ರತಿ ಆ ನೀಲಗಾರರ ಮನೆಯೋರಿಗೂ ಕೊಡಿ. ಮಕ್ಕಳು ಯಾರಾದ್ರೂ ತಂಬೂರಿ ಹಿಡಿದಿದ್ರೆ ಶುದ್ಧ ಮಾಡಿದ್ದೂ ಬೇಕು, ಮುಟ್ಟದೆ ಇಟ್ಟಿದ್ದೂ ಬೇಕು.