ಜರ್ಮನಿ ಬ್ಲೂ ಕಾರ್ಡ್: ಬೋನಸ್ ಸೇರಿಸಿದ ಸಂಬಳ ತೋರಿಸಿ ಅರ್ಜಿ ಹಾಕಬಹುದಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ವಿಟಿಯು ಬಿಇ ಮೆಕ್ಯಾನಿಕಲ್, ಆರು ವರ್ಷ ಡಿಸೈನ್ ಕೆಲಸ. ಸ್ಟುಟ್‌ಗಾರ್ಟ್‌ನಿಂದ ಆಫರ್ ಬಂದಿದೆ. ವರ್ಷಕ್ಕೆ 48,000 ಯೂರೋ, ಅದರಲ್ಲಿ 2,500 ಪರ್ಫಾರ್ಮೆನ್ಸ್ ಬೋನಸ್. 2026ಕ್ಕೆ ಕನಿಷ್ಠ ಸಂಬಳದ ಮಿತಿ 50,700 ಅಂತಾರೆ. ಹಾಗಾದ್ರೆ ಬ್ಲೂ ಕಾರ್ಡ್ (ಪದವೀಧರರಿಗೆ ಅಲ್ಲಿ ಇದ್ದು ಕೆಲಸ ಮಾಡೋಕೆ ಕೊಡುವ ಪರವಾನಗಿ) ಸಿಗಲ್ವಾ? ವಿದೇಶಿ ಪದವಿಗೆ ಜರ್ಮನಿಯಲ್ಲಿ ಮಾನ್ಯತೆ ಇದೆಯಾ ಅಂತ ನೋಡುವ ಅನಾಬಿನ್ ವೆಬ್‌ಸೈಟ್‌ನಲ್ಲಿ ನಮ್ಮ ಕಾಲೇಜಿನ ಹೆಸರೂ ಕಾಣ್ತಿಲ್ಲ.

ನೆಕರ್‌ದಂಡೆ:
50,700 ಸಾಮಾನ್ಯ ಮಿತಿ. ಎಂಜಿನಿಯರ್ ಕೆಲಸ ಕೊರತೆ ವೃತ್ತಿಗಳ (ಅಲ್ಲಿ ಜನ ಸಾಲದ ಕೆಲಸಗಳ) ಪಟ್ಟಿಯಲ್ಲಿದೆ, ಅದಕ್ಕೆ 45,934.20 ಯೂರೋ ಸಾಕು. ನಿಮಗೆ ತೊಡಕಾಗೋದು ಬೋನಸ್. ಗುರಿ ಮುಟ್ಟಿದರೆ ಮಾತ್ರ ಸಿಗುವ ದುಡ್ಡು ಲೆಕ್ಕಕ್ಕೆ ಬರಲ್ಲ, ಖಾತ್ರಿ ಸಂಬಳ ಮಾತ್ರ ಬರುತ್ತೆ. 2,500 ಕಳೆದರೆ ಉಳಿಯೋದು 45,500. ಬರೀ 434 ಯೂರೋ ಕೊರತೆಗೆ ಅರ್ಜಿ ಬಿದ್ದುಹೋಗುತ್ತೆ.

ಈಗಲೇ ಎಚ್‌ಆರ್‌ಗೆ ಬರೆಯಿರಿ: ಬೋನಸ್‌ನಿಂದ 500 ಯೂರೋ ತೆಗೆದು ಮೂಲ ಸಂಬಳಕ್ಕೆ ಸೇರಿಸಿ, ಅಂತ. ಆಫರ್‌ನ ಒಟ್ಟು ಮೊತ್ತ ಬದಲಾಗಲ್ಲ, ಹಾಗಾಗಿ ಕೇಳೋಕೆ ಸಂಕೋಚ ಬೇಡ. ಆಮೇಲೆ ಕಾಂಟ್ರಾಕ್ಟ್‌ನಲ್ಲೂ, ಕಂಪನಿ ತುಂಬಿ ಸಹಿ ಹಾಕಿಕೊಡುವ ಉದ್ಯೋಗ ಘೋಷಣೆ ಫಾರಂನಲ್ಲೂ ಅದೇ ಅಂಕಿ ಇದೆಯಾ ನೋಡಿ. ಕಡಿಮೆ ಮಿತಿಯಲ್ಲಿ ಹೋಗುವವರ ಫಾರಂ ಜರ್ಮನಿಯ ಉದ್ಯೋಗ ಇಲಾಖೆಯ ಒಪ್ಪಿಗೆಗೆ ಹೋಗುತ್ತೆ. ಅದೇ ಕೆಲಸಕ್ಕೆ ಅಲ್ಲಿನವರಿಗೆ ಸಿಗುವಷ್ಟು ಸಂಬಳ ನಿಮಗೂ ಇದೆಯಾ ಅಂತ ಅವರು ನೋಡ್ತಾರೆ. ಕೆಲಸದ ವಿವರಣೆಯಲ್ಲಿ ಬರೀ ‘ಅಸೋಸಿಯೇಟ್’ ಅಂತಿದ್ದರೆ ಎಂಜಿನಿಯರ್ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಯಾವ ಭಾಗದ ಡಿಸೈನ್, ಯಾವ ಲೆಕ್ಕಾಚಾರ, ಯಾವ ಟೆಸ್ಟಿಂಗ್ ಅಂತ ಬಿಡಿಸಿ ಬರೆಸಿ.

ಕಡತ:
ಅನಾಬಿನ್‌ನಲ್ಲಿ ಕಾಲೇಜು ಹುಡುಕಬೇಡಿ, ಪದವಿ ಕೊಟ್ಟಿದ್ದು ವಿಶ್ವವಿದ್ಯಾಲಯ ತಾನೆ? ವಿಶ್ವೇಶ್ವರಯ್ಯ ಟೆಕ್ನಲಾಜಿಕಲ್ ಯೂನಿವರ್ಸಿಟಿ ಅಂತ ಪೂರ್ತಿ ಹೆಸರು ಹಾಕಿ. ಎರಡು ಪ್ರಿಂಟ್ ಬೇಕು: ವಿಶ್ವವಿದ್ಯಾಲಯದ ಎದುರು ‘ಎಚ್ ಪ್ಲಸ್’ (ಮಾನ್ಯತೆ ಇದೆ ಅನ್ನೋ ಗುರುತು) ಇರುವ ಪುಟ ಒಂದು, ನಿಮ್ಮ ಪದವಿ ಜರ್ಮನ್ ಪದವಿಗೆ ಸಮ ಅಂತ ತೋರಿಸುವ ಪುಟ ಇನ್ನೊಂದು. ಬಹಳ ಜನ ಮೊದಲನೆಯದನ್ನಷ್ಟೇ ಇಡ್ತಾರೆ. ಎರಡರಲ್ಲಿ ಒಂದು ಸಿಗದಿದ್ದರೂ ವಿದೇಶಿ ಪದವಿಗಳನ್ನು ಅಳೆದು ನೋಡುವ ಜರ್ಮನಿಯ ಕಚೇರಿ ‘ಝಡ್ಎಬಿ’ಯಿಂದ ಪದವಿ ಮೌಲ್ಯಮಾಪನ ಪತ್ರ ತರಿಸಬೇಕು, ಶುಲ್ಕ 208 ಯೂರೋ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಸರ್. ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿದ ಹೆಸರು. ತೊಂದರೆ ಆಗುತ್ತಾ?

ಕಡತ:
ನಮ್ಮ ಕಡೆ ಹೆಚ್ಚಿನವರ ಅಂಕಪಟ್ಟಿ ಹಾಗೇ ಇರುತ್ತೆ. ಮುಚ್ಚಿಡಬೇಡಿ. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಕವರ್ ಲೆಟರ್‌ನಲ್ಲಿ ಎರಡು ಸಾಲು ಬರೆಯಿರಿ. ಕಾಂಟ್ರಾಕ್ಟ್ ಮಾತ್ರ ಅಕ್ಷರ ತಪ್ಪದೆ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ.

ನೆಕರ್‌ದಂಡೆ:
ಇನ್ನೊಂದು, ಇನ್ಶೂರೆನ್ಸ್. ಅಲ್ಲಿನ ಆರೋಗ್ಯ ವಿಮೆ ಶುರುವಾಗೋದು ಕೆಲಸಕ್ಕೆ ಸೇರಿದ ದಿನದಿಂದ. 1ನೇ ತಾರೀಖು ಸೇರೋದಿದ್ದು ಹತ್ತು ದಿನ ಮುಂಚೆ ಹೋಗ್ತೀರಿ ಅಂದ್ರೆ, ಆ ಹತ್ತು ದಿನಕ್ಕೆ ಬೇರೆ ಪಾಲಿಸಿ ಬೇಕೇ ಬೇಕು. ವೀಸಾ ಶುಲ್ಕ 75 ಯೂರೋ, ರೂಪಾಯಿಯಲ್ಲಿ ಕಟ್ಟಿಸಿಕೊಳ್ತಾರೆ.