ಮಳೆ ಬಂದರೆ ಇನ್ನೂರು

ಕಲಬುರಗಿಯ ನೆಹರು ಗಂಜ್ ಹತ್ತಿರ ಕಾಕಾನ ಚಹಾದಂಗಡಿಯಲ್ಲಿ ಕೂತರೆ, ಬಸು ತೊಗರಿ ಮಾರಿದ ಕಥೆ ತೆಗೆಯದ ದಿನವೇ ಇಲ್ಲ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿತು, ನನಗೆ ಪೂರ್ತಿ ದುಡ್ಡು ಸಿಗಲಿಲ್ಲ ಅಂತಲೇ ಶುರು ಮಾಡುತ್ತಾನೆ. ಫೋನಿನಲ್ಲಿ ಒಪ್ಪಿದ ರೇಟು ಒಂದು, ಚೀಲ ಇಳಿಸಿದ ಮೇಲೆ "ತೇವ ಜಾಸ್ತಿ" ಅಂತ ಮುರಿದುಕೊಂಡು ಕೊಟ್ಟದ್ದು ಇನ್ನೊಂದು.

"ಅದಕ್ಕೇ ಸ್ಮಾರ್ಟ್ ಕಾಂಟ್ರಾಕ್ಟ್ ಬೇಕು," ಅಂದ ಸಲೀಂ. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಾನಂತೆ. ಮಾಡುವುದನ್ನು ನಾವಂತೂ ನೋಡಿಲ್ಲ.

"ಅಂದ್ರೆ ಬಾಂಡ್ ಪೇಪರಾ?"

"ಬಾಂಡ್ ಪೇಪರ್ ಟ್ರಂಕಿನಲ್ಲಿ ಸುಮ್ನೆ ಮಲಗಿರುತ್ತದೆ. ಎದುರಿನವನು ಮಾತು ತಪ್ಪಿದರೆ ನೀನೇ ಕೋರ್ಟಿಗೆ ಅಲೆಯಬೇಕು. ಇದು ಪ್ರೋಗ್ರಾಂ. ದುಡ್ಡನ್ನು ಮೊದಲೇ ಅದರೊಳಗೆ ಇಟ್ಟುಬಿಡುತ್ತೀರಿ, ಬರೆದ ಷರತ್ತು ಪೂರ್ತಿಯಾಯಿತೋ, ಸೇರಬೇಕಾದವನಿಗೆ ಸೇರುತ್ತದೆ, ನಡುವೆ ಯಾರ ಕೈಕಾಲು ಹಿಡಿಯುವ ಹಾಗಿಲ್ಲ. ನಿಕ್ ಸಾಬೊ ಅನ್ನುವವನು 1994ರಲ್ಲೇ ಈ ಹೆಸರಿಟ್ಟ. ಕಾಸು ಹಾಕಿದರೆ ಕೂಲ್‌ಡ್ರಿಂಕ್ಸ್ ಬೀಳುವ ಮಷೀನಿನ ಉದಾಹರಣೆ ಕೊಡುತ್ತಿದ್ದ."

"ನಮ್ಮ ಸ್ಟೇಷನ್ನಿನ ತೂಕದ ಮಷೀನ್ ಹಾಗೆ ಅನ್ನು," ಅಂದೆ ನಾನು. "ಕಾಸು ಹಾಕಿದರೆ ಚೀಟಿ ಬೀಳುತ್ತಿತ್ತಲ್ಲ."

"ಅದೇ. ಆ ಮಷೀನನ್ನು ಬ್ಲಾಕ್‌ಚೈನ್ ಮೇಲೆ ಕೂರಿಸಿದ್ದು ಇಥೀರಿಯಂ ಅನ್ನುವ ಕಂಪ್ಯೂಟರ್ ಜಾಲ, 2015ರಲ್ಲಿ. ಒಂದೇ ಖಾತೆ ಪುಸ್ತಕದ ನಕಲು ಸಾವಿರಾರು ಕಂಪ್ಯೂಟರಿನಲ್ಲಿ ಇರುತ್ತದೆ, ಒಬ್ಬ ಗುಟ್ಟಾಗಿ ತಿದ್ದಿದರೆ ಉಳಿದವರು ಒಪ್ಪುವುದಿಲ್ಲ. ವಿಟಾಲಿಕ್ ಬುಟೆರಿನ್ ಅನ್ನುವವನು 2013ರಲ್ಲಿ ಇದರ ಯೋಜನೆ ಬರೆದಾಗ ಅವನಿಗೆ 19 ವರ್ಷ."

"19ಕ್ಕೆ ನಿನ್ನದು ಇನ್ನೂ ಪಿಯುಸಿ ಗಣಿತವೇ ಪಾಸಾಗಿರಲಿಲ್ಲ," ಅಂದ ಬಸು.

ಮಾತಿನಲ್ಲಿ ತಲೆಗೆ ಹೋಗುವುದಿಲ್ಲ, ಮಾಡಿಯೇ ನೋಡೋಣ ಅಂತಾಯಿತು. ಸಿಗರೇಟ್ ಪ್ಯಾಕಿನ ಒಳಮೈ ಮೇಲೆ ಸಲೀಂ ಬರೆದ: '6 ಗಂಟೆಯೊಳಗೆ ಮಳೆ ಬಂದರೆ 200 ಬಸುಗೆ, ಬರದಿದ್ದರೆ ಸಲೀಂಗೆ.' ಇಬ್ಬರೂ ನೂರು ನೂರು ಹಾಕಿದರು. ದುಡ್ಡು, ಚೀಟಿ ಎರಡೂ ಬಿಸ್ಕತ್ತಿನ ಭರಣಿ ಕೆಳಗೆ. ಕಾಕಾನೇ ಕಾಂಟ್ರಾಕ್ಟ್. ಕಾಂಟ್ರಾಕ್ಟ್ ಕೂಡ ಕಾಕಾನ ಹಾಗೇ ಅಂತೆ, ತಾನಾಗಿ ಏಳುವುದಿಲ್ಲ, ಯಾರಾದರೂ ಕರೆಯಬೇಕು.

ಕಾಕಾ ನಮ್ಮ ಪ್ಲೇಟಿನಿಂದ ಒಂದು ಮಿರ್ಚಿ ಎತ್ತಿಕೊಂಡ.

"ಇದು ಯಾಕೆ?"

"ಗ್ಯಾಸ್," ಅಂದ ಸಲೀಂ. "ಕೆಲಸ ಮಾಡಿಸಿದ್ದಕ್ಕೆ ಫೀಸು. ವ್ಯವಹಾರ ಕೆಟ್ಟು ಅರ್ಧಕ್ಕೇ ನಿಂತರೂ ಅದು ವಾಪಸ್ ಬರುವುದಿಲ್ಲ."

"ಮಿರ್ಚಿ ತಿಂದರೆ ಗ್ಯಾಸ್ ಆಗುತ್ತದೆ ಅಂತ ಗೊತ್ತಿತ್ತು, ಗ್ಯಾಸೇ ಮಿರ್ಚಿ ತಿನ್ನೋದು ಇವತ್ತು ನೋಡಿದೆ!"

ಆರಕ್ಕೆ ಹತ್ತು ನಿಮಿಷ ಇರುವಾಗ ತಗಡಿನ ಮೇಲೆ ಟಪ್ ಟಪ್ ಅಂತ ನಾಲ್ಕು ಹನಿ. ಬಸು ಎದ್ದು ನಿಂತ. ಅದು ಮೇಲಿನ ಮನೆಯ ಕೂಲರ್ ನೀರು ಅಂದ ಸಲೀಂ. ನನ್ನ ಫೋನಿನಲ್ಲಿ ಬಿಸಿಲು ತೋರಿಸುತ್ತಿತ್ತು. ಆಳಂದ ನಾಕಾದಿಂದ ಬಂದ ಆಟೋದ ಟಪ್ಪು ಮಾತ್ರ ತೊಯ್ದಿತ್ತು.

"ಇದೇ ಇರೋ ತೊಂದರೆ," ಅಂತ ಸಲೀಂ ಒಪ್ಪಿಕೊಂಡ. "ಪ್ರೋಗ್ರಾಂಗೆ ಕಣ್ಣಿಲ್ಲ. ಹೊರಗಿನ ಸುದ್ದಿ ತಂದು ಹೇಳಲು ಒಬ್ಬ ಬೇಕು, ಅವನಿಗೆ ಆರೇಕಲ್ ಅನ್ನುತ್ತಾರೆ. ಅವನು ಸುಳ್ಳು ಹೇಳಿದರೂ ಕಾಂಟ್ರಾಕ್ಟ್ ನಂಬುತ್ತದೆ."

ಕಾಕಾ ಕನ್ನಡಕ ಏರಿಸಿ ಚೀಟಿ ಓದಿದ. "ಮಳೆ ಅಂತ ಇದೆ. ಎಲ್ಲಿ ಅಂತ ಇಲ್ಲ. ಚಿರಾಪುಂಜಿಯಲ್ಲಿ ಬಂದೇ ಇರುತ್ತದೆ. ದುಡ್ಡು ಬಸುಗೆ."

"ಕಾಕಾ, ನನ್ನ ಅರ್ಥ ಹಾಗಿರಲಿಲ್ಲ!"

"ಅರ್ಥ ಭರಣಿ ಕೆಳಗೆ ಇಟ್ಟಿಲ್ಲ ತಮ್ಮಾ, ಚೀಟಿ ಇಟ್ಟಿದ್ದು."

ಸಲೀಂ ಬೆವರು ಒರೆಸಿಕೊಳ್ಳುತ್ತಾ 2016ರ ಕಥೆ ತೆಗೆದ. ದಿ ಡಿಎಒ ಅಂತ ಒಂದು ದೊಡ್ಡ ಕಾಂಟ್ರಾಕ್ಟ್ ಇತ್ತು, ಜನರೆಲ್ಲ ಸೇರಿ ದುಡ್ಡು ಹಾಕಿದ್ದರು. ಅದು ಮೊದಲು ದುಡ್ಡು ಕೊಟ್ಟು, ಆಮೇಲೆ ಖಾತೆಯಲ್ಲಿ ಕಳೆಯುತ್ತಿತ್ತು. ಒಬ್ಬ ಚಾಲಾಕಿ, ಕಳೆಯುವ ಮೊದಲೇ ಮತ್ತೆ ಮತ್ತೆ ಕೈ ಚಾಚಿ 36 ಲಕ್ಷ ಈಥರ್, ಅಂದರೆ ಇಥೀರಿಯಂನಲ್ಲಿ ಓಡುವ ದುಡ್ಡು, ಎಳೆದುಕೊಂಡ. ಕೊನೆಗೆ ಹೆಚ್ಚಿನವರು ಸೇರಿ, ಅದು ನಡೆದೇ ಇಲ್ಲ ಅನ್ನುವ ಹಾಗೆ ದುಡ್ಡು ವಾಪಸ್ ಮಾಡಿಸಿದರು. ಬರೆದದ್ದು ಬರೆದದ್ದೇ ಅಂತ ಪಟ್ಟು ಹಿಡಿದವರು ಹಳೇ ಖಾತೆಯನ್ನೇ ಮುಂದುವರಿಸಿದರು, ಅದು ಇಥೀರಿಯಂ ಕ್ಲಾಸಿಕ್.

"ನಾವೂ ಹಾಗೇ ಚೀಟಿ ಹರಿದು ಹೊಸದು ಬರೆಯೋಣ," ಅಂದ. ನಾನು ಕೈ ಎತ್ತಿದೆ, ನನ್ನ ಚಹಾದ ದುಡ್ಡು ಅವನೇ ಕೊಡಬೇಕಿತ್ತಲ್ಲ.

"ನಾನು ಕ್ಲಾಸಿಕ್," ಅಂದ ಬಸು, ನೋಟು ಕಿಸೆಗೆ ಹಾಕುತ್ತಾ. ಆಮೇಲೆ ತುಸು ಸುಮ್ಮನಿದ್ದು ಕೇಳಿದ: "ಅಲ್ಲ, ತೊಗರಿಗೆ ಇಂಥದ್ದು ಮಾಡಿದರೆ, ತೇವ ಎಷ್ಟು ಅಂತ ಯಾರು ಹೇಳುತ್ತಾರೆ?"

"ಮೀಟರ್."

"ಮೀಟರ್ ಯಾರ ಕೈಯಲ್ಲಿ ಇರುತ್ತದೆ?"

ಸಲೀಂ ಉಳಿದಿದ್ದ ಒಂದೇ ಮಿರ್ಚಿಗೆ ಕೈ ಹಾಕಿದ. ಅಷ್ಟರಲ್ಲಿ ಕಾಕಾ ಅದನ್ನೂ ಎತ್ತಿಕೊಂಡಿದ್ದ.