ತರಬೇತಿ ಮುಗಿಸಿ ಬಂದವರು ಹಳೆಯ ಮೇಜಿಗೆ ಮರಳಿದ ಮೇಲೆ

ಪ್ರಶ್ನೆ: ಜನನ ಮರಣ ವಿಭಾಗದವಳು

ನಗರಾಡಳಿತದಲ್ಲಿ ನನಗೆ ಇದು 19ನೆಯ ವರ್ಷ. ಅದರಲ್ಲಿ 14 ವರ್ಷ ಜನನ ಮರಣ ನೋಂದಣಿಯ ಮೇಜಿನಲ್ಲೇ ಕಳೆದೆ. ಈಗ ಸಿಬ್ಬಂದಿ ತರಬೇತಿಯ ಹೊಣೆ ನನ್ನ ಮೇಲಿದೆ. ಆದೇಶ ಕೈಗೆ ಬಂದ ದಿನ ನಿಜಕ್ಕೂ ಸಂತೋಷಪಟ್ಟೆ. ನಾನು ಕೆಲಸಕ್ಕೆ ಸೇರಿದಾಗ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಒಂದು ದಪ್ಪ ವಹಿ, ಒಂದು ಮೊಹರು, ಪಕ್ಕದ ಮೇಜಿನ ಹಿರಿಯರಿಗೆ ಬಿಡುವಾದಾಗ ಸಿಕ್ಕ ನಾಲ್ಕು ಮಾತು, ನನ್ನ ಓದೆಲ್ಲ ಅಷ್ಟರಲ್ಲೇ ಮುಗಿದಿತ್ತು. ನನ್ನ ನಂತರ ಬಂದವರಿಗೆ ಹಾಗಾಗಬಾರದು ಎಂಬ ಆಸೆ ಅಂದಿನಿಂದಲೂ ಇತ್ತು.

ಮೊದಲ ಕಾರ್ಯಕ್ರಮವಾಗಿ ಕೌಂಟರ್ ಸಿಬ್ಬಂದಿಗೆ ಮೂರು ದಿನಗಳ ತರಬೇತಿ ಏರ್ಪಡಿಸಿದೆ. ನಿಯಮಗಳು, ಕಡತ ನಿರ್ವಹಣೆ, ಸಾರ್ವಜನಿಕರೊಡನೆ ನಡವಳಿಕೆ, ಕಂಪ್ಯೂಟರ್ ದಾಖಲಾತಿ. ಪಾಠ ಮಾಡಿದವರು ಒಳ್ಳೆಯವರು, ವಿಷಯ ಬಲ್ಲವರು. ಕೊನೆಯ ದಿನ ಅಭಿಪ್ರಾಯ ಪತ್ರಗಳಲ್ಲಿ ಬಹುತೇಕ ಎಲ್ಲರೂ ‘ಅತ್ಯುತ್ತಮ’ ಎಂದು ಗುರುತು ಹಾಕಿದ್ದರು. ಆ ಕಟ್ಟನ್ನು ಮನೆಗೆ ಒಯ್ದು ಒಂದೊಂದನ್ನೂ ಓದಿದೆ.

ಆರು ವಾರಗಳ ನಂತರ ನನ್ನ ಹಳೆಯ ವಿಭಾಗಕ್ಕೆ ಹೋದೆ. ಕೌಂಟರಿನ ಮುಂದೆ ಒಬ್ಬ ವೃದ್ಧರು ನಿಂತಿದ್ದರು. ಹೆಂಡತಿಯ ಮರಣ ಪ್ರಮಾಣಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದರ ತಿದ್ದುಪಡಿಗೆ ಅದು ಅವರ ನಾಲ್ಕನೆಯ ಭೇಟಿ. ಮೊದಲ ದಿನ ಆಸ್ಪತ್ರೆಯ ಪತ್ರ ತನ್ನಿ ಎಂದಿದ್ದರು. ಎರಡನೆಯ ಸಲ ಗುರುತಿನ ದಾಖಲೆ, ಮೂರನೆಯ ಸಲ ಅಫಿಡವಿಟ್. ಈಗ ಅಫಿಡವಿಟ್‌ನ ಒಕ್ಕಣೆ ಸರಿಯಿಲ್ಲ ಎಂಬ ಷರಾ. ಕೌಂಟರಿನಲ್ಲಿದ್ದ ಹುಡುಗಿ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವಳು. ‘ಬೇಕಾದ ದಾಖಲೆಗಳನ್ನೆಲ್ಲ ಮೊದಲ ಭೇಟಿಯಲ್ಲೇ ಬರೆದುಕೊಡಬೇಕು’ ಎಂದು ಪರೀಕ್ಷೆಯಲ್ಲಿ ಸರಿಯಾಗಿಯೇ ಉತ್ತರಿಸಿದ್ದಳು.

ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವಳು ಹೇಳಿದ್ದಿಷ್ಟು: “ಪಟ್ಟಿ ಬರೆದುಕೊಡಲು ನಾನು ಸಿದ್ಧ ಮೇಡಂ. ಆದರೆ ಆ ಪಟ್ಟಿಯಲ್ಲಿಲ್ಲದ ಇನ್ನೊಂದನ್ನು ಮೇಲಿನವರು ಕೇಳಿದರೆ ಜನ ನನ್ನ ಬರಹವನ್ನೇ ಹಿಡಿದು ಬರುತ್ತಾರೆ. ಮೇಲಿನವರು ಏನು ಕೇಳುತ್ತಾರೆ ಎಂಬುದು ನನಗೆ ಗೊತ್ತಿಲ್ಲ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳ ಅಧೀಕ್ಷಕರನ್ನು ನಾನು ತರಬೇತಿಗೆ ಕರೆದೇ ಇರಲಿಲ್ಲ.

ಈ ಸಲವೂ ನನಗೆ ಸಿಗುವುದು ಮೂರೇ ದಿನ, 40 ಜನ. ಆಯುಕ್ತರು ಕೇಳುವುದು ಎಷ್ಟು ಜನರಿಗೆ ತರಬೇತಿ ಆಯಿತು ಎಂಬ ಲೆಕ್ಕವನ್ನು. ನನಗೆ ಬೇಕಾಗಿರುವುದು ಆ ವೃದ್ಧರು ಎರಡನೆಯ ಸಲ ಬರದಂತೆ ಮಾಡುವ ದಾರಿ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ನಿವೃತ್ತ ನೀರು ಸರಬರಾಜು ಇಂಜಿನಿಯರ್

ಮೇಡಂ, ಆ ಹುಡುಗಿಯ ಮಾತನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ನಾನು 31 ವರ್ಷ ದುಡಿದು ಕಲಿತದ್ದು ಅದರಲ್ಲಿದೆ.

ನಮ್ಮಲ್ಲಿ ನೀರಿನ ಸೋರಿಕೆಯ ಬಗ್ಗೆ ತರಬೇತಿ ನಡೆಯಿತು. ಸಭಾಂಗಣ, ಪರದೆ, ಚಿತ್ರಗಳು. ಒಟ್ಟು ಹರಿಸಿದ ನೀರಿನಲ್ಲಿ ಲೆಕ್ಕಕ್ಕೆ ಸಿಕ್ಕದ ಪಾಲು ಎಷ್ಟು, ಅದರಲ್ಲಿ ಕೊಳವೆಯಿಂದ ನಿಜವಾಗಿ ಸೋರಿದ್ದೆಷ್ಟು, ಯಾರಿಗೋ ತಲುಪಿಯೂ ಬಿಲ್ಲಿಗೆ ಬಾರದ್ದೆಷ್ಟು ಎಂದು ಬಿಡಿಸಿ ಹೇಳಿದರು. ನಿಧಾನವಾಗಿ ಓಡುವ ಮೀಟರ್, ಅನಧಿಕೃತ ಸಂಪರ್ಕ, ತಪ್ಪಾಗಿ ಬರೆದುಕೊಂಡ ಅಂಕಿ, ಇವೆಲ್ಲ ಎರಡನೆಯ ಬಗೆ. ಎಲ್ಲರಿಗೂ ಅರ್ಥವಾಯಿತು. ಮರಳಿ ಬಂದೆವು. ಒಂದು ವಾಲ್ವ್ ಕೂಡ ಅಲುಗಲಿಲ್ಲ.

ಮುಂದಿನ ಸಲ ನಾನು ತರಗತಿಯನ್ನು ರಾತ್ರಿಗೆ ಇಟ್ಟೆ. ಬೆಳಗಿನ ಜಾವ 2ರಿಂದ 4ರವರೆಗೆ ಊರು ಮಲಗಿರುತ್ತದೆ, ನೀರು ಬಳಸುವವರು ತೀರ ಕಡಿಮೆ. ಆ ಹೊತ್ತಿನಲ್ಲಿ ಒಂದು ವಲಯಕ್ಕೆ ಹರಿಯುತ್ತಿರುವ ನೀರಿನಲ್ಲಿ ಹೆಚ್ಚಿನದು ಸೋರಿಕೆಯೇ. (ದಿನವಿಡೀ ನೀರು ಹರಿಯುವ ವಲಯದಲ್ಲಿ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಆಸ್ಪತ್ರೆ, ಕಾರ್ಖಾನೆಗಳ ಬಳಕೆಯನ್ನು ಕಳೆಯಬೇಕು.) ಇಬ್ಬರು ಸಹಾಯಕ ಇಂಜಿನಿಯರ್‌ಗಳು, ಲೆಕ್ಕ ವಿಭಾಗದ ಒಬ್ಬ ಗುಮಾಸ್ತರು, ಉಳಿದವರೆಲ್ಲ ನೀರುಗಂಟಿಗಳು. ವಲಯದ ಗಡಿಯ ವಾಲ್ವ್‌ಗಳನ್ನು ಮುಚ್ಚಿ, ಒಳಹರಿವಿನ ಮೀಟರಿನ ಮುಂದೆ ಒಬ್ಬರನ್ನು ಕೂರಿಸಿ, ಬೀದಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದೆವು. ಯಾವ ಬೀದಿ ಮುಚ್ಚಿದಾಗ ಮೀಟರಿನ ಓಟ ತಟ್ಟನೆ ಇಳಿಯಿತೋ ಆ ಬೀದಿಯಲ್ಲಿ ಕಬ್ಬಿಣದ ಸರಳನ್ನು ವಾಲ್ವಿನ ತಲೆಗಿಟ್ಟು ಇನ್ನೊಂದು ತುದಿಗೆ ಕಿವಿಗೊಟ್ಟು ಕೇಳಿದೆವು.

ಅಂದು ಪಾಠ ಹೇಳಿದವರು ನಾನಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ನೀರುಗಂಟಿ ಹೇಳಿದರು. ಅವರನ್ನು ಅಲ್ಲಿಯವರೆಗೆ ಯಾವ ತರಬೇತಿಗೂ ಕರೆದಿರಲಿಲ್ಲ. “ಈ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ ಸರ್, ಒಳಗಿನ ತಟ್ಟೆ ಸವೆದಿದೆ” ಎಂದರು. ಎಷ್ಟು ವರ್ಷದಿಂದ ಎಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ, ಅಷ್ಟು ಹಳೆಯದು. ನಮ್ಮ ನಕ್ಷೆಯಲ್ಲಿ ಅದು ಸುಸ್ಥಿತಿಯ ವಾಲ್ವ್. ಸಹಾಯಕ ಇಂಜಿನಿಯರ್ ಅಲ್ಲೇ ಬ್ಯಾಟರಿ ಬೆಳಕಿನಲ್ಲಿ ನಕ್ಷೆಯನ್ನು ತಿದ್ದಿದರು. ಬೆಳಗಾಗುವ ಹೊತ್ತಿಗೆ ಒಂದು ಸೋರಿಕೆ ಸಿಕ್ಕಿತ್ತು, ನಕ್ಷೆಯೂ ಸರಿಯಾಗಿತ್ತು. ಲೆಕ್ಕದ ಗುಮಾಸ್ತರು ಆ ರಾತ್ರಿಯ ನಂತರ ತಾವಾಗಿಯೇ ಪ್ರತಿ ತಿಂಗಳು ಓಡದ ಮೀಟರುಗಳ ಪಟ್ಟಿ ಕಳುಹಿಸತೊಡಗಿದರು. ಅವರಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ.

ಆದ್ದರಿಂದ 40 ಜನರನ್ನು ದರ್ಜೆಯ ಪ್ರಕಾರ ಆರಿಸಬೇಡಿ. ಒಂದು ಅರ್ಜಿ ಯಾರ ಯಾರ ಕೈ ದಾಟುತ್ತದೆಯೋ ಅವರೆಲ್ಲರನ್ನೂ ಒಟ್ಟಿಗೆ ಕರೆಯಿರಿ. ಆ ಹುಡುಗಿ, ಅಧೀಕ್ಷಕರು, ಸಹಿ ಮಾಡುವವರು, ಕಂಪ್ಯೂಟರಿಗೆ ಏರಿಸುವವರು.

ಉತ್ತರ: ತರಬೇತುದಾರ

ಇಂಜಿನಿಯರ್ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಅಳತೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕು ಎಂದರು: ಬಂದವರಿಗೆ ಇಷ್ಟವಾಯಿತೇ, ಅವರು ಕಲಿತರೇ, ಮರಳಿದ ಮೇಲೆ ಕೆಲಸದ ರೀತಿ ಬದಲಾಯಿತೇ, ಅದರಿಂದ ಫಲ ಸಿಕ್ಕಿತೇ. ನಿಮ್ಮ ‘ಅತ್ಯುತ್ತಮ’ ಗುರುತುಗಳು ಮೊದಲ ಹಂತದವು. ಪರೀಕ್ಷೆಯ ಅಂಕ ಎರಡನೆಯದು. ಆರು ವಾರ ಬಿಟ್ಟು ಕೌಂಟರಿಗೆ ಹೋದಿರಲ್ಲ, ಅದು ಮೂರನೆಯ ಹಂತ. ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ. ಆಯುಕ್ತರಿಗೆ ನಾಲ್ಕನೆಯದನ್ನು ತೋರಿಸಿ. ತರಬೇತಿಗೆ ಮುಂಚಿನ ಒಂದು ತಿಂಗಳಲ್ಲಿ ತಿದ್ದುಪಡಿ ಅರ್ಜಿದಾರರು ಸರಾಸರಿ ಎಷ್ಟು ಸಲ ಬಂದರು ಎಂದು ಈಗಲೇ ಎಣಿಸಿಡಿ. ಆಮೇಲೆ ಎಣಿಸಲು ಹೊರಟರೆ ಹೋಲಿಸಲು ಏನೂ ಇರುವುದಿಲ್ಲ.

ಮೂರು ದಿನಗಳನ್ನು ಒಟ್ಟಿಗೆ ಖರ್ಚು ಮಾಡಬೇಡಿ. 1885ರಲ್ಲಿ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು ಪ್ರಕಟಿಸಿದರು. ಮೊದಲ ಕೆಲವು ಗಂಟೆಗಳಲ್ಲೇ ನೆನಪು ಕಡಿದಾಗಿ ಇಳಿಯುತ್ತದೆ, ನಂತರ ಇಳಿತ ನಿಧಾನವಾಗುತ್ತದೆ. ನಡುನಡುವೆ ನೆನಪಿಸಿಕೊಂಡದ್ದು ಉಳಿಯುತ್ತದೆ. ಮೂರು ದಿನಗಳನ್ನು ಆರು ಅರ್ಧ ದಿನಗಳಾಗಿ ಒಡೆದು ಎರಡು ವಾರಕ್ಕೊಂದರಂತೆ ಹಂಚಿ. ಪ್ರತಿಸಲವೂ ಅವರು ತಮ್ಮ ಮೇಜಿನ ಒಂದು ನಿಜವಾದ ಕಡತವನ್ನು ತರಲಿ, ಅರ್ಜಿದಾರರ ಹೆಸರು ಮರೆಮಾಡಿ.

ಇದು ಹೊಸ ವಿಚಾರವೇನೂ ಅಲ್ಲ. ನಗರಾಡಳಿತವನ್ನು ಅಧ್ಯಯನ ಮಾಡಲು 1907ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಸಂಶೋಧನಾ ಸಂಸ್ಥೆ ಹುಟ್ಟಿಕೊಂಡಿತು. ಅದು 1911ರಲ್ಲಿ ಸಾರ್ವಜನಿಕ ಸೇವೆಗೆ ಒಂದು ತರಬೇತಿ ಶಾಲೆಯನ್ನೂ ತೆರೆಯಿತು. ಅಲ್ಲಿ ಕಲಿಯಲು ಬಂದವರು ನಗರದ ಇಲಾಖೆಗಳ ಕೆಲಸವನ್ನೇ ಹತ್ತಿರದಿಂದ ನೋಡಿ ಕಲಿಯುತ್ತಿದ್ದರು. ಖರ್ಚಿನ ಬಗ್ಗೆಯೂ ಒಂದು ಮಾತು: ಆಯವ್ಯಯ ಕುಗ್ಗಿದಾಗ ಮೊದಲು ಕತ್ತರಿ ಬೀಳುವುದು ತರಬೇತಿಗೆ. ಫ್ರಾನ್ಸ್‌ನಲ್ಲಿ ಸ್ಥಳೀಯ ಆಡಳಿತಗಳು ವೇತನ ಮೊತ್ತದ 0.9 ಪ್ರತಿಶತದಷ್ಟನ್ನು ಸಿಬ್ಬಂದಿ ತರಬೇತಿಯ ರಾಷ್ಟ್ರೀಯ ಸಂಸ್ಥೆಗೆ ಕಡ್ಡಾಯವಾಗಿ ಕಟ್ಟುತ್ತವೆ. ಹೀಗಾಗಿ ಅಲ್ಲಿ ಈ ಹಣ ಯಾರೊಬ್ಬರ ಮರ್ಜಿಗೂ ಬಿಟ್ಟದ್ದಲ್ಲ. ನಿಮ್ಮ ಆಯುಕ್ತರ ಮುಂದೆ ಈ ಉದಾಹರಣೆಯನ್ನು ಇಡಬಹುದು.

ಉತ್ತರ: ಕಿರಿಯ ಗುಮಾಸ್ತ

ಹಿರಿಯರು ತಪ್ಪು ತಿಳಿಯಬಾರದು. ನಾನು ಎರಡು ವರ್ಷದಿಂದ ಇಂಥದ್ದೇ ಕೌಂಟರಿನಲ್ಲಿದ್ದೇನೆ. ಆ ಹುಡುಗಿಗೆ ಇನ್ನಷ್ಟು ತರಬೇತಿ ಬೇಕಿಲ್ಲ. ಅರ್ಜಿ ನಮೂನೆಯ ಹಿಂಭಾಗದಲ್ಲಿ ದಾಖಲೆಗಳ ಪಟ್ಟಿ ಮತ್ತು ಅಫಿಡವಿಟ್‌ನ ಒಕ್ಕಣೆಯನ್ನು ಅಧೀಕ್ಷಕರ ಒಪ್ಪಿಗೆ ಪಡೆದು ಅಚ್ಚು ಹಾಕಿಸಿದರೆ ಆ ವೃದ್ಧರು ಒಂದೇ ಸಲ ಬಂದು ಹೋಗುತ್ತಾರೆ. ನಮೂನೆಯ ತಪ್ಪಿಗೆ ಮನುಷ್ಯರನ್ನು ತರಬೇತಿಗೆ ಕಳುಹಿಸಿದಾಗ ನಮಗೆ ನೋವಾಗುತ್ತದೆ. ‘ನಿನಗೆ ಬರುವುದಿಲ್ಲ’ ಎಂದು ಹೇಳಿದ ಹಾಗೆ ಕೇಳಿಸುತ್ತದೆ.

ನಮಗೆ ನಿಜವಾಗಿ ಕಲಿಯಬೇಕಾದದ್ದು ಬೇರೆ ಇದೆ. ಅಳುತ್ತಾ ಬಂದವರೊಡನೆ ಹೇಗೆ ಮಾತನಾಡಬೇಕು? ಮಗುವಿನ ಮರಣ ನೋಂದಣಿಗೆ ಬಂದ ತಾಯಿಗೆ ‘ಮುಂದಿನವರು’ ಎಂದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕೂಗಿದವನು ನಾನೇ. ಅದನ್ನು ಯಾರೂ ಕಲಿಸಲಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೈಮುಗಿಯುತ್ತೇನೆ. ಕಿರಿಯ ಗುಮಾಸ್ತರೇ, ನಿಮ್ಮ ಮಾತನ್ನು ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ. 14 ವರ್ಷ ಅದೇ ಮೇಜಿನಲ್ಲಿದ್ದೂ ಆ ನಮೂನೆಯ ಹಿಂಭಾಗ ಖಾಲಿಯಿದೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿನ್ನೆ ಅಧೀಕ್ಷಕರ ಬಳಿ ಹೋಗಿದ್ದೆ. ತಿದ್ದುಪಡಿಗೆ ಏನೇನು ಕೇಳುತ್ತೀರಿ ಎಂದು ಕೇಳಿದಾಗ ಅವರು ಐದು ದಾಖಲೆಗಳನ್ನು ಹೇಳಿದರು. ಸಹಿ ಮಾಡುವ ಅಧಿಕಾರಿ ಮೂರನ್ನು ಹೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಹಾಗಾಗಿ ಮೊದಲ ಅರ್ಧ ದಿನಕ್ಕೆ 40 ಜನ ಬೇಡ, ಒಂದು ಅರ್ಜಿ ದಾಟುವ ಏಳು ಜನರನ್ನಷ್ಟೇ ಕೂರಿಸುತ್ತೇನೆ. ಆ ಹುಡುಗಿ ಮೂರು ಹಳೆಯ ಕಡತಗಳನ್ನು ತರುತ್ತಾಳೆ. ಪಟ್ಟಿ ಬರೆಯುವ ಪೆನ್ನು ಅವಳ ಕೈಯಲ್ಲೇ ಇರುತ್ತದೆ, ಕೆಳಗೆ ಸಹಿ ಅಧಿಕಾರಿಯದು.

ಕಳೆದ ತಿಂಗಳ ಭೇಟಿಗಳ ಎಣಿಕೆಯನ್ನು ಇಂದೇ ಆರಂಭಿಸಿದ್ದೇನೆ. ವಹಿಯಲ್ಲಿ ಭೇಟಿಗಳ ದಾಖಲೆ ಇಲ್ಲ, ಅರ್ಜಿಯ ಮೇಲಿನ ಷರಾಗಳ ದಿನಾಂಕ ನೋಡಿ ಎಣಿಸಬೇಕಾಗಿದೆ.

ಎರಡನೆಯ ಅರ್ಧ ದಿನವನ್ನು ದುಃಖದಲ್ಲಿ ಬಂದವರೊಡನೆ ಮಾತನಾಡುವುದಕ್ಕೇ ಇಡುತ್ತೇನೆ. ಆಸ್ಪತ್ರೆಯಲ್ಲಿ ಸಾವಿನ ಸುದ್ದಿ ತಿಳಿಸುವ ಕೆಲಸ ಮಾಡಿದ ಹಿರಿಯ ದಾದಿಯೊಬ್ಬರನ್ನು ಕರೆಸಬೇಕೆಂದಿದ್ದೇನೆ. ಅಂಥವರನ್ನು ಕರೆಸಿ ನೋಡಿದವರು ಇಲ್ಲಿದ್ದರೆ, ಆ ಅರ್ಧ ದಿನವನ್ನು ಹೇಗೆ ನಡೆಸಿದಿರಿ ಎಂದು ತಿಳಿಸಿ. ಅಧೀಕ್ಷಕರೂ ಅಲ್ಲೇ ಕೂತಿದ್ದರೆ ಕಿರಿಯರು ಬಾಯಿಬಿಡುತ್ತಾರೆಯೇ, ಇಲ್ಲವೇ ಅದೊಂದನ್ನು ಬೇರೆಯಾಗಿ ಇಡಬೇಕೇ?